ಒಳಗೆ ಏನ್ ಕೆಲಸ ಸಾರ್?

ಬೆಂಗಳೂರಿನ ನೇರಳೆ ಮೆಟ್ರೊ ಮಾರ್ಗದಲ್ಲಿ ಒಂದು ನಿಲ್ದಾಣವಿದೆ: ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ, ಸೆಂಟ್ರಲ್ ಕಾಲೇಜ್. ಹಳೆ ವಿದ್ಯಾರ್ಥಿಯ ಹೆಸರು, ಅವರು ಓದಿದ ಕಾಲೇಜಿನ ಹೆಸರು, ಎರಡನ್ನೂ ಒಂದೇ ಉಸಿರಲ್ಲಿ ಹೇಳುತ್ತಾರೆ. ಊರಿಗೆ ಬಂದಾಗಲೆಲ್ಲ ಅದನ್ನು ಕೇಳಿ ನನಗೆ ಖುಷಿಯಾಗುತ್ತದೆ. ನಾನಿರುವುದು ಪುಣೆಯಲ್ಲಿ. ವಿಶ್ವೇಶ್ವರಯ್ಯನವರು ಬೆಂಗಳೂರಲ್ಲಿ ಬಿ.ಎ. ಮುಗಿಸಿ ಎಂಜಿನಿಯರಿಂಗ್ ಓದಲು ಹೋದದ್ದೂ ಪುಣೆಗೇ. ಹಾಗಾಗಿ ಎರಡೂ ಊರಿನವರು ಅವರನ್ನು ‘ನಮ್ಮ ಹುಡುಗ’ ಅನ್ನುತ್ತಾರೆ. ಆದರೆ ಈ ಎರಡು ಊರುಗಳು ತಮ್ಮ ಹಳೆ ವಿದ್ಯಾರ್ಥಿಗಳನ್ನು ಇಟ್ಟುಕೊಂಡಿರುವ ರೀತಿ ಮಾತ್ರ ಬೇರೆ ಬೇರೆ. ಅದನ್ನೇ ಇಲ್ಲಿ ಹೇಳಬೇಕಿದೆ.

ಮೊದಲು ನಮ್ಮ ಊರಿನದ್ದು. ಸೆಂಟ್ರಲ್ ಕಾಲೇಜು 1858ರಲ್ಲಿ ಹೈಸ್ಕೂಲಾಗಿ ಶುರುವಾಗಿ ಆಮೇಲೆ ಕಾಲೇಜಾಯಿತು. ಅಲ್ಲಿ ಓದಿದವರಲ್ಲಿ ಮೂವರಿಗೆ ಭಾರತರತ್ನ ಬಂದಿದೆ. ರಾಜಾಜಿಗೆ 1954ರಲ್ಲಿ, ವಿಶ್ವೇಶ್ವರಯ್ಯನವರಿಗೆ 1955ರಲ್ಲಿ, ಸಿ.ಎನ್.ಆರ್. ರಾವ್ ಅವರಿಗೆ 2014ರಲ್ಲಿ. ಮೂರು ಭಾರತರತ್ನ ಅಂದ್ರೆ ಸುಮ್ನೆ ಮಾತಲ್ಲ. ಆದರೆ ಈ ಮೂವರೂ ಯಾವ ವಿಶ್ವವಿದ್ಯಾಲಯದ ಹಳೆ ವಿದ್ಯಾರ್ಥಿಗಳು ಅಂತ ಕೇಳಿ ನೋಡಿ, ತಲೆ ಕೆರೆದುಕೊಳ್ಳಬೇಕಾಗುತ್ತದೆ. ವಿಶ್ವೇಶ್ವರಯ್ಯ ಮತ್ತು ರಾಜಾಜಿ ಓದುವಾಗ ಕಾಲೇಜು ಇದ್ದದ್ದು ಮದ್ರಾಸ್ ವಿಶ್ವವಿದ್ಯಾಲಯದ ಕೆಳಗೆ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬಂತು, ಕಾಲೇಜು ಅದಕ್ಕೆ ಸೇರಿತು. 1951ರಲ್ಲಿ ರಾಯರು ತಗೊಂಡ ಬಿ.ಎಸ್ಸಿ. ಆ ಮೈಸೂರಿನದ್ದು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಬಂತು. 2017ರಲ್ಲಿ ಅದೂ ಮೂರು ಭಾಗವಾಗಿ, ಸೆಂಟ್ರಲ್ ಕಾಲೇಜಿನ ಅಂಗಳ ಹೊಸ ವಿಶ್ವವಿದ್ಯಾಲಯವೊಂದರ ಕೈಗೆ ಹೋಯಿತು. ಕಟ್ಟಡ ಅದೇ, ಗಡಿಯಾರದ ಗೋಪುರ ಅದೇ. ಯಜಮಾನರು ಮಾತ್ರ ನಾಲ್ಕು ಜನ. ಹಳೆ ವಿದ್ಯಾರ್ಥಿಗಳ ಪಟ್ಟಿಯನ್ನು ಯಾರು ಇಟ್ಟುಕೊಳ್ಳಬೇಕು ಹೇಳಿ?

ಪುಣೆಯಲ್ಲೂ ವಿಶ್ವವಿದ್ಯಾಲಯಗಳು ಬದಲಾಗಿವೆ. 1885ರಲ್ಲಿ ಶುರುವಾದ ಫರ್ಗ್ಯುಸನ್ ಕಾಲೇಜು ಮೊದಲು ಬಾಂಬೆ ವಿಶ್ವವಿದ್ಯಾಲಯಕ್ಕೆ ಸೇರಿತ್ತು, 1949ರ ನಂತರ ಪುಣೆ ವಿಶ್ವವಿದ್ಯಾಲಯಕ್ಕೆ. ಆದರೆ ಅಲ್ಲಿ ಯಾರೂ ವಿಶ್ವವಿದ್ಯಾಲಯದ ಹೆಸರು ಹೇಳಿ ಬೀಗುವುದಿಲ್ಲ. ‘ಫರ್ಗ್ಯುಸನ್’ ಅಂತಾರೆ, ‘ಎಸ್‌.ಪಿ.’ ಅಂತಾರೆ, ಎಂಜಿನಿಯರಿಂಗ್ ಕಾಲೇಜನ್ನು ‘ಸಿಒಇಪಿ’ ಅಂತಾರೆ, ಅಷ್ಟೆ. ನಿಷ್ಠೆ ಏನಿದ್ದರೂ ಕಾಲೇಜಿಗೆ. ನಮ್ಮ ಬೇಂದ್ರೆಯವರು ಬಿ.ಎ. ಮಾಡಿದ್ದು ಫರ್ಗ್ಯುಸನ್‌ನಲ್ಲಿ. ಗೋಕಾಕರು ಮೇಷ್ಟರಾಗಿದ್ದೂ ಅಲ್ಲೇ. ಈ ವಿಷಯ ಗೊತ್ತಿರುವ ಮರಾಠಿಗರು ನನಗೆ ಇಲ್ಲಿ ಸಿಕ್ಕಿದ್ದಾರೆ. ಬೇಂದ್ರೆ ಪುಣೆಯಲ್ಲಿ ಓದಿದ್ದು ಗೊತ್ತಿಲ್ಲದ ಕನ್ನಡಿಗರೂ ಸಿಕ್ಕಿದ್ದಾರೆ, ಅದು ಬೇರೆ ಮಾತು.

ಈಗ ಪುಣೆಯ ಅಸಲಿ ವಿಷಯಕ್ಕೆ ಬರುತ್ತೇನೆ. ಮಳೆಗಾಲದಲ್ಲಿ ಇಲ್ಲಿ ಪುರುಷೋತ್ತಮ ಕರಂಡಕ ಅಂತ ಅಂತರ ಕಾಲೇಜು ಏಕಾಂಕ ನಾಟಕ ಸ್ಪರ್ಧೆ ನಡೆಯುತ್ತದೆ. ಮಹಾರಾಷ್ಟ್ರೀಯ ಕಲೋಪಾಸಕ ಎಂಬ ಸಂಸ್ಥೆ 1963ರಲ್ಲಿ ಶುರು ಮಾಡಿದ್ದು. ಸದಾಶಿವ ಪೇಟೆಯ ಭರತ ನಾಟ್ಯ ಮಂದಿರದಲ್ಲಿ ಪ್ರದರ್ಶನ. ಹತ್ತಾರು ಕಾಲೇಜುಗಳ ಹುಡುಗರು ಬರುತ್ತಾರೆ. ನನ್ನ ಮಗಳು ತನ್ನ ಕಾಲೇಜಿನ ತಂಡದಲ್ಲಿದ್ದಾಗ ನಮ್ಮ ಮನೆಯ ಊಟ, ನಿದ್ದೆ ಎಲ್ಲ ಅದರ ಪ್ರಕಾರವೇ ನಡೆಯಿತು. ಗೋಣಿಚೀಲ, ಬಣ್ಣದ ಡಬ್ಬ, ಥರ್ಮಾಕೋಲ್ ಚೂರು ಎಲ್ಲ ಹಾಲ್‌ನಲ್ಲೇ ಬಿದ್ದಿರುತ್ತಿತ್ತು. ನನ್ನ ಹೆಂಡತಿ ಬೈದೂ ಬೈದೂ ಸುಸ್ತಾದಳು.

ಆ ತಂಡಕ್ಕೆ ಲೈಟು ನೋಡಿಕೊಳ್ಳಲು ಒಬ್ಬ ಬರುತ್ತಿದ್ದ. ವಯಸ್ಸು ಮೂವತ್ತೈದು ಇರಬಹುದು, ಬ್ಯಾಂಕಿನಲ್ಲಿ ಅಧಿಕಾರಿ. ಕೆಲಸ ಮುಗಿಸಿ ಬ್ಯಾಗು ಹೆಗಲಿಗೆ ಹಾಕಿಕೊಂಡೇ ತಾಲೀಮಿಗೆ ಬರುತ್ತಿದ್ದ. ಯಾವ ದೃಶ್ಯಕ್ಕೆ ಯಾವ ಲೈಟು ಅಂತ ಒಂದು ಹಳೆ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತಿದ್ದ. ಪ್ರದರ್ಶನದ ದಿನ ರಜೆ ಹಾಕುತ್ತಿದ್ದ. ‘ಯಾರಮ್ಮಾ ಅವನು, ನಿಮ್ಮ ಮೇಷ್ಟ್ರಾ?’ ಅಂತ ಕೇಳಿದೆ. ‘ಇಲ್ಲಪ್ಪ, ದಾದಾ. ನಮ್ಮ ಕಾಲೇಜವ್ನೇ. ಯಾವಾಗ್ಲೋ ಪಾಸ್ ಆಗಿ ಹೋದವ್ನು’ ಅಂದಳು. ಮರಾಠಿಯಲ್ಲಿ ದಾದಾ ಅಂದರೆ ಅಣ್ಣ. ಅವನಿಗೆ ಯಾರೂ ದುಡ್ಡು ಕೊಡುವುದಿಲ್ಲ. ಅವನ ಹೆಸರು ಕಾಲೇಜಿನ ಯಾವ ಫಲಕದಲ್ಲೂ ಇಲ್ಲ. ಅವನಿಗೆ ಲೈಟು ಹಾಕೋದು ಕಲಿಸಿದವನೂ ಹಾಗೇ ವಾಪಸ್ ಬಂದ ಇನ್ನೊಬ್ಬ ದಾದಾ ಅಂತೆ.

ಪರದೆ ಏಳುವ ಮೊದಲು ಒಂದು ಗಲಾಟೆ ಇರುತ್ತದೆ. ‘ಅರೆ ಆವಾಜ್ ಕುಣಾಚಾ!’ ಅಂತ ಒಬ್ಬ ಕೂಗುತ್ತಾನೆ. ಯಾರ ದನಿ ಇದು ಅಂತ. ಇಡೀ ಗುಂಪು ತಮ್ಮ ಕಾಲೇಜಿನ ಹೆಸರು ಹೇಳಿ ಸೂರು ಹಾರಿಹೋಗುವ ಹಾಗೆ ಕಿರುಚುತ್ತದೆ. ಆ ಗುಂಪಿನಲ್ಲಿ ಓದುತ್ತಿರುವ ಹುಡುಗರ ಜೊತೆ ಬೋಳುತಲೆಯವರೂ ಇರುತ್ತಾರೆ. ಕಾಲೇಜು ಬಿಟ್ಟು ಎಷ್ಟೋ ವರ್ಷವಾದವರು ಗಂಟಲು ಹರಿದುಕೊಂಡು ಕೂಗುವುದನ್ನು ನೋಡಿ ನನಗೆ ಮೊದಲು ನಗು ಬಂತು. ಆಮೇಲೆ ಹೊಟ್ಟೆಕಿಚ್ಚೂ ಆಯಿತು.

ಸಿಒಇಪಿಯಲ್ಲೂ ಹೀಗೇ. ವಿಶ್ವೇಶ್ವರಯ್ಯನವರು ಓದುವಾಗ ಅದು ಕಾಲೇಜ್ ಆಫ್ ಸೈನ್ಸ್. 1883ರ ಪರೀಕ್ಷೆಯಲ್ಲಿ ಅವರೇ ಮೊದಲಿಗರು. ಮುಂದೆ ಅವರು ಅದೇ ಪುಣೆಯ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ತಾನಾಗಿ ತೆರೆದುಕೊಳ್ಳುವ ಬಾಗಿಲು ಕೂರಿಸಿದರು. ಪ್ರವಾಹದ ನೀರು ಒಂದು ಮಟ್ಟ ದಾಟಿದರೆ ಬಾಗಿಲು ತಾನೇ ಏಳುತ್ತಿತ್ತು, ನೀರು ಇಳಿದರೆ ತಾನೇ ಮುಚ್ಚಿಕೊಳ್ಳುತ್ತಿತ್ತು. ಓದಿದ ಊರಿಗೆ ಇದಕ್ಕಿಂತ ಒಳ್ಳೆ ಕಾಣಿಕೆ ಇನ್ನೇನು ಬೇಕು? ಇವತ್ತು ಆ ಕಾಲೇಜಿನ ಹುಡುಗರು ಹೆಚ್ಚು ಮಾತಾಡುವುದು ರೆಗಾಟಾ ಬಗ್ಗೆ. ಮುಳಾ ನದಿಯ ದಡದಲ್ಲಿ ಅವರ ಬೋಟ್ ಕ್ಲಬ್ ಇದೆ, 1928ರದ್ದು. ವರ್ಷಕ್ಕೊಮ್ಮೆ ನದಿಯ ಮೇಲೆ ದೋಣಿಗಳ ಆಟ, ಕತ್ತಲಾದ ಮೇಲೆ ಪಂಜಿನ ಕುಣಿತ. ಹಳಬರು ಸಂಸಾರ ಸಮೇತ ಬಂದು ದಡದಲ್ಲಿ ಕೂರುತ್ತಾರೆ. ‘ನಮ್ಮ ಕಾಲದಲ್ಲಿ ಸಾಲು ಇನ್ನೂ ನೇರ ಇರ್ತಿತ್ತು’ ಅಂತ ತಪ್ಪು ಹುಡುಕುತ್ತಾರೆ. ಮುಳಾ ನದಿಯ ನೀರು ಈಗ ಹೇಗಿದೆ, ಅದರ ವಾಸನೆ ಹೇಗಿದೆ ಅಂತ ಕೇಳಬೇಡಿ.

ಇನ್ನು ಬೆಂಗಳೂರು. ನಾನು ಓದಿದ ಕಾಲೇಜಿನ ಹೆಸರು ಇಲ್ಲಿ ಬೇಡ. ಹೋದ ಸಲ ಊರಿಗೆ ಬಂದಾಗ ಸುಮ್ನೆ ಒಳಗೆ ಹೋಗಿ ಒಂದು ಸುತ್ತು ಹಾಕೋಣ ಅಂತ ಹೋದೆ. ಗೇಟಲ್ಲಿ ಸೆಕ್ಯುರಿಟಿಯವನು ತಡೆದ. ‘ಐಡಿ ಕಾರ್ಡ್?’ ಅಂದ. ಹಳೆ ಸ್ಟೂಡೆಂಟಪ್ಪ ಅಂದೆ. ‘ಒಳಗೆ ಏನ್ ಕೆಲಸ ಸಾರ್? ಯಾರನ್ನ ನೋಡ್ಬೇಕು?’ ಅಂದ. ಅವನದ್ದೇನೂ ತಪ್ಪಿಲ್ಲ, ಹೇಳಿದ ಕೆಲಸ ಮಾಡುತ್ತಿದ್ದಾನೆ. ಹೆಣ್ಣುಮಕ್ಕಳು ಓದುವ ಜಾಗ, ಯಾರು ಯಾರನ್ನೋ ಬಿಡುವುದು ಹೇಗೆ? ಆದರೆ ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವೇ ಇರಲಿಲ್ಲ. ನನಗೆ ಪಾಠ ಮಾಡಿದವರೆಲ್ಲ ರಿಟೈರ್ ಆಗಿದ್ದಾರೆ. ಕ್ಯಾಂಟೀನ್ ಭಟ್ಟರು ಊರಿಗೆ ಹೋಗಿ ಎಷ್ಟೋ ಕಾಲವಾಯಿತು. ಒಳಗೆ ನನಗೆ ನಿಜಕ್ಕೂ ಏನೂ ಕೆಲಸ ಇರಲಿಲ್ಲ. ಪುಣೆಯ ಆ ಬ್ಯಾಂಕ್ ಅಧಿಕಾರಿಯನ್ನು ಗೇಟಲ್ಲಿ ಇದನ್ನೇ ಕೇಳಿದ್ದರೆ, ‘ಲೈಟು’ ಅಂತ ಒಂದೇ ಮಾತಲ್ಲಿ ಹೇಳಿ ಒಳಗೆ ಹೋಗುತ್ತಿದ್ದ.

ನನ್ನ ತಕರಾರು ಇಷ್ಟೇ. ನಮ್ಮ ಕಾಲೇಜುಗಳು ಹಳೆ ವಿದ್ಯಾರ್ಥಿಗಳಿಗೆ ಗೌರವ ಕೊಡುತ್ತವೆ, ಕೆಲಸ ಕೊಡುವುದಿಲ್ಲ.

ಗೌರವಕ್ಕೇನೂ ಕಮ್ಮಿಯಿಲ್ಲ. ವಾರ್ಷಿಕೋತ್ಸವಕ್ಕೆ ಕರೆಯುತ್ತಾರೆ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಗಾಜಿನ ಡಬ್ಬಿಯೊಳಗಿನ ಮೊಮೆಂಟೊ. ಗೇಟಿಗೆ ಫ್ಲೆಕ್ಸ್. ಆ ಫ್ಲೆಕ್ಸಲ್ಲಿ ಮುಖಗಳ ಗಾತ್ರ ಕುರ್ಚಿಗೆ ತಕ್ಕಂತೆ: ಮಂತ್ರಿ ದೊಡ್ಡದು, ಐಎಎಸ್ ಸ್ವಲ್ಪ ಚಿಕ್ಕದು, ಕಂಪನಿಯ ಸಿಇಒ ಅದರ ಪಕ್ಕ. ಸರಕಾರಿ ಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟ ಹಳೆ ವಿದ್ಯಾರ್ಥಿನಿಯ ಮುಖ ಅಲ್ಲಿ ಇರುವುದಿಲ್ಲ. ಸೆಂಟ್ರಲ್ ಕಾಲೇಜಿನ ವಿಷಯದಲ್ಲೇ ನೋಡಿ. ರಾಜೇಶ್ವರಿ ಚಟರ್ಜಿ ಅಲ್ಲಿ ಗಣಿತ ಓದಿ, ಭಾರತೀಯ ವಿಜ್ಞಾನ ಸಂಸ್ಥೆ ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್ ಸೇರಿ, ಮಿಶಿಗನ್‌ಗೆ ಹೋಗಿ ಬಂದು, ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿದವರು. ಆ ಸಂಸ್ಥೆಯ ಎಂಜಿನಿಯರಿಂಗ್ ವಿಭಾಗದ ಮೊದಲ ಮಹಿಳಾ ಅಧ್ಯಾಪಕಿ. ಮೂರು ಭಾರತರತ್ನದ ಲೆಕ್ಕ ಹೇಳುವವರಲ್ಲಿ ಎಷ್ಟು ಜನ ಈ ಹೆಸರು ಹೇಳುತ್ತಾರೆ?

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷವಂತೂ ಹಳೆ ವಿದ್ಯಾರ್ಥಿಗಳ ಮೇಲೆ ಪ್ರೀತಿ ಉಕ್ಕುತ್ತದೆ. ಅವರ ಅಂಕಪಟ್ಟಿಯಲ್ಲಿ ಹಳೆ ವಿದ್ಯಾರ್ಥಿಗಳ ಒಡನಾಟಕ್ಕೆ ಅಂತಲೇ ಒಂದು ಭಾಗವಿದೆ. ಆಗ ಫೋನು ಬರುತ್ತದೆ, ‘ಸರ್, ಒಂದು ಫಾರ್ಮ್ ಕಳಿಸಿದ್ದೀವಿ, ಫಿಲ್ ಮಾಡಿ’ ಅಂತ. ಫೋಟೋಗೆ ಹಾಲ್ ತುಂಬಬೇಕು, ಅದಕ್ಕೆ ಒಂದು ಭಾನುವಾರ ಬನ್ನಿ ಅಂತ. ತಂಡ ಹೋದ ಮೇಲೆ ಫೋನೂ ನಿಲ್ಲುತ್ತದೆ.

ಇದನ್ನೆಲ್ಲ ಹೇಳಿ ಪುಣೆಯನ್ನು ತಲೆ ಮೇಲೆ ಹೊತ್ತುಕೊಳ್ಳುವ ಆಸೆ ನನಗಿಲ್ಲ. ಪುಣೆಯವರ ಕಾಲೇಜಿನ ಹೆಮ್ಮೆ ಕೆಲವೊಮ್ಮೆ ಸಹಿಸೋಕಾಗಲ್ಲ. ಕರಂಡಕದಲ್ಲಿ ನಾಟಕವಾಡಬೇಕಾದರೆ ಮರಾಠಿ ಬೇಕು. ಬಿಹಾರದಿಂದ, ಈಶಾನ್ಯದಿಂದ ಬಂದ ಹುಡುಗರು ಆಚೆ ನಿಂತು ನೋಡುತ್ತಾರೆ. ನನ್ನ ಮಗಳು ಇಲ್ಲೇ ಹುಟ್ಟಿ ಬೆಳೆದವಳು, ಅವಳ ಮರಾಠಿ ನೀರು ಕುಡಿದ ಹಾಗೆ. ಇಲ್ಲದಿದ್ದರೆ ಅವಳಿಗೂ ಪರದೆ ಎಳೆಯುವ ಕೆಲಸವೇ ಗತಿಯಾಗುತ್ತಿತ್ತು. ಬೆಂಗಳೂರು ಈ ವಿಷಯದಲ್ಲಿ ಧಾರಾಳಿ. ಅಲ್ಲಿನ ಕಾಲೇಜು ಹಬ್ಬಗಳಲ್ಲಿ ಯಾರು ಬೇಕಾದರೂ ಯಾವ ಭಾಷೆಯಲ್ಲಿ ಬೇಕಾದರೂ ಹಾಡಬಹುದು. ಕನ್ನಡಕ್ಕೇ ಜಾಗ ಕೇಳಿ ಪಡೆಯಬೇಕಾಗುತ್ತದೆ ಅನ್ನುವುದು ಅದರ ಇನ್ನೊಂದು ಮುಖ.

ವಿದ್ಯಾರ್ಥಿ ಚುನಾವಣೆ ಎರಡೂ ಕಡೆ ನಿಂತು ಬಹಳ ಕಾಲವಾಯಿತು. ಕರ್ನಾಟಕದಲ್ಲಿ 1989ರಿಂದ ಇಲ್ಲ, ಇಲ್ಲಿ ತೊಂಬತ್ತರ ದಶಕದಿಂದ ಇಲ್ಲ. ಚುನಾವಣೆ ಹೋದ ಜಾಗವನ್ನು ಪುಣೆಯಲ್ಲಿ ನಾಟಕ ಸ್ವಲ್ಪ ಮಟ್ಟಿಗೆ ತುಂಬಿತು. ಬೆಂಗಳೂರಲ್ಲಿ ಸ್ಪಾನ್ಸರ್‌ಗಳು ತುಂಬಿದರು. ಇದು ನನ್ನ ಅಂದಾಜು, ಜಗಳಕ್ಕೆ ಬರುವವರು ಬರಬಹುದು.

ತಿಂಡಿಯ ವಿಷಯದಲ್ಲಿ ಮಾತ್ರ ಎರಡೂ ಊರು ಸಮ. ಪುಣೆಯ ಫರ್ಗ್ಯುಸನ್ ರಸ್ತೆಯಲ್ಲಿ ಕಾಲೇಜು ಹುಡುಗರ ಅಡ್ಡಾ ಅಂದ್ರೆ ‘ವೈಶಾಲಿ’. ಅದನ್ನು ಕಟ್ಟಿದ ಜಗನ್ನಾಥ ಶೆಟ್ಟರು ನಮ್ಮ ಕರಾವಳಿಯಿಂದ ಬಂದವರು. ಗಾಂಧಿ ಬಜಾರಿನಲ್ಲಿ 1943ರಿಂದ ಇರುವ ವಿದ್ಯಾರ್ಥಿ ಭವನವನ್ನು ಶುರು ಮಾಡಿದವರೂ ಆ ಕಡೆಯವರೇ. ಎರಡು ಊರಿನ ಕಾಲೇಜು ಕಥೆಗಳಿಗೂ ಒಂದೇ ಸೀಮೆಯ ದೋಸೆಯ ವಾಸನೆ.

ಮನೆಗಿಂತ ಹಾಸ್ಟೆಲ್ ದೊಡ್ಡದು ಅನ್ನುವ ಜನ ಬೆಂಗಳೂರಲ್ಲಿ ಇನ್ನೂ ಇದ್ದಾರೆ. ವಾರಾನ್ನ ಉಂಡು ಓದಿದವರು, ಸಮುದಾಯದ ಹಾಸ್ಟೆಲ್‌ನಲ್ಲಿ ಚಾಪೆ ಹಾಸಿಕೊಂಡು ಓದಿದವರು. ವಿಶ್ವೇಶ್ವರಯ್ಯನವರೇ ಬೆಂಗಳೂರಲ್ಲಿ ಕೊಡಗಿನ ಅಧಿಕಾರಿಯೊಬ್ಬರ ಮನೆಯ ಮಕ್ಕಳಿಗೆ ಪಾಠ ಹೇಳಿ ಓದು ಸಾಗಿಸಿದವರು. ಅಂಥ ಹುಡುಗನನ್ನು ಬೆಳೆಸಿದ್ದು ಬರೀ ಕ್ಲಾಸ್‌ರೂಮು ಅಲ್ಲ, ಊರು. ಹಾಗಾಗಿ ದೊಡ್ಡವರಾದ ಮೇಲೆ ಅವರು ಊರಿಗೆ ವಾಪಸ್ ಕೊಟ್ಟರು. 1917ರಲ್ಲಿ ಅವರು ದಿವಾನರಾಗಿದ್ದಾಗಲೇ ಶುರುವಾದ ಎಂಜಿನಿಯರಿಂಗ್ ಕಾಲೇಜು ಇವತ್ತಿಗೂ ಕೆ.ಆರ್. ವೃತ್ತದಲ್ಲಿ ಯುವಿಸಿಇ ಅಂತ ನಿಂತಿದೆ. ಅಲ್ಲಿ ಓದುತ್ತಿದ್ದ ರೊದ್ದಂ ನರಸಿಂಹ ಒಮ್ಮೆ ಟಾಟಾ ಇನ್‌ಸ್ಟಿಟ್ಯೂಟಿಗೆ ಹೋಗಿದ್ದರು. ಅಂಗಳದಲ್ಲಿ ನಿಲ್ಲಿಸಿದ್ದ ಸ್ಪಿಟ್‌ಫೈರ್ ವಿಮಾನ ನೋಡಿ ಅದರ ಮೋಹಕ್ಕೆ ಬಿದ್ದರು. ಮುಂದೆ ದೇಶದ ದೊಡ್ಡ ವಾಯುಯಾನ ವಿಜ್ಞಾನಿಯಾದರು. ಬೇರೆ ಕಾಲೇಜಿನ ಹುಡುಗ ಅವತ್ತು ಆ ಅಂಗಳಕ್ಕೆ ಕಾಲಿಟ್ಟಿದ್ದ. ‘ಏನ್ ಕೆಲಸ?’ ಅಂತ ಯಾರಾದರೂ ಗೇಟಲ್ಲೇ ತಿರುಗಿಸಿ ಕಳಿಸಿದ್ದರೆ?

ಅಂದರೆ ಈ ಬುದ್ಧಿ ನಮಗೆ ಪುಣೆಯಿಂದ ಬರಬೇಕಾಗಿಲ್ಲ. ನಮ್ಮಲ್ಲೇ ಇತ್ತು, ಈಗಲೂ ಅಲ್ಲಲ್ಲಿ ಇದೆ. ಎಚ್. ನರಸಿಂಹಯ್ಯನವರನ್ನು ನೋಡಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದು ನ್ಯಾಷನಲ್ ಹೈಸ್ಕೂಲು ಸೇರಿದ ಹುಡುಗ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದರು, ಕ್ವಿಟ್ ಇಂಡಿಯಾದಲ್ಲಿ ಜೈಲಿಗೆ ಹೋದರು, ಅಮೆರಿಕದ ಒಹಾಯೊದಲ್ಲಿ ಡಾಕ್ಟರೇಟ್ ಪಡೆದರು. ಆಮೇಲೆ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, 1984ರಲ್ಲಿ ಪದ್ಮಭೂಷಣ ಬಂತು. ಇಷ್ಟೆಲ್ಲ ಆದರೂ ವಾಸ ಮಾತ್ರ ಕಾಲೇಜಿನ ಹಾಸ್ಟೆಲ್ಲಿನ ರೂಮಿನಲ್ಲೇ. ಖಾದಿ ಪಂಚೆ, ಜುಬ್ಬ, ಟೋಪಿ. 2005ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಅಂಗಳ ಬಿಟ್ಟು ಹೋಗಲಿಲ್ಲ. 1962ರಲ್ಲಿ ಅವರು ಶುರು ಮಾಡಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳಿಗೆ ಕಾಲೇಜಿನವರೇ ಆಗಿರಬೇಕು ಅಂತಿರಲಿಲ್ಲ. ರಿಟೈರ್ ಆದ ಗುಮಾಸ್ತರು, ಹೈಸ್ಕೂಲು ಹುಡುಗರು, ತರಕಾರಿ ಚೀಲ ಹಿಡಿದುಕೊಂಡೇ ಬಂದ ಗೃಹಿಣಿಯರು ಎಲ್ಲರೂ ಕೂತು ನಕ್ಷತ್ರಗಳ ಬಗ್ಗೆ ಕೇಳಬಹುದಿತ್ತು. ನಾನೂ ಆ ಬೆಂಚುಗಳ ಮೇಲೆ ಕೂತವನು. ಆ ಕಾಲೇಜಿನ ವಿದ್ಯಾರ್ಥಿ ನಾನಲ್ಲ. ಆದರೂ ‘ನಿಮ್ಮ ಕಾಲೇಜು ಯಾವುದು’ ಅಂತ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಸಭಾಂಗಣ.

ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘದ ಕಥೆ ಇನ್ನೂ ಚೆನ್ನಾಗಿದೆ. ಚಿ. ಶ್ರೀನಿವಾಸರಾಜು ಅಲ್ಲಿ ಕನ್ನಡ ಮೇಷ್ಟರು. ಇಂಗ್ಲಿಷೇ ಉಸಿರಾಡುವ ಕಾಲೇಜಿನಲ್ಲಿ ಕೂತು ಅವರು ಬೇಂದ್ರೆ ಹೆಸರಲ್ಲಿ ಕಾವ್ಯ ಸ್ಪರ್ಧೆ ನಡೆಸಿದರು. ಅದು ಕ್ರೈಸ್ಟ್ ಹುಡುಗರಿಗೆ ಮಾತ್ರ ಆಗಿರಲಿಲ್ಲ, ನಾಡಿನ ಯಾವ ಕಾಲೇಜಿನ ವಿದ್ಯಾರ್ಥಿ ಬೇಕಾದರೂ ಪದ್ಯ ಕಳಿಸಬಹುದಿತ್ತು. ಬಂದ ಒಳ್ಳೆ ಪದ್ಯಗಳನ್ನು ಪುಸ್ತಕ ಮಾಡಿ ಕಡಿಮೆ ಬೆಲೆಗೆ ಮಾರಿದರು. ಇವತ್ತು ಕನ್ನಡದಲ್ಲಿ ಬರೆಯುತ್ತಿರುವ ಎಷ್ಟೋ ಕವಿಗಳು ‘ನನ್ನ ಮೊದಲ ಬಹುಮಾನ ಕ್ರೈಸ್ಟ್ ಕಾಲೇಜಿಂದು’ ಅನ್ನುತ್ತಾರೆ. ಅವರಲ್ಲಿ ಹಲವರು ಆ ಕಾಲೇಜಿನಲ್ಲಿ ಒಂದು ದಿನವೂ ಪಾಠ ಕೇಳಿದವರಲ್ಲ. ನನ್ನ ಲೆಕ್ಕದಲ್ಲಿ ಅವರೂ ಆ ಕಾಲೇಜಿನ ಸಾಧನೆಯೇ. ಫರ್ಗ್ಯುಸನ್‌ನಲ್ಲಿ ಓದಿದ ಕವಿಯ ಹೆಸರಲ್ಲಿ ಬೆಂಗಳೂರಿನ ಕಾಲೇಜು ಹೊಸ ಕವಿಗಳನ್ನು ಹುಡುಕಿತು ಅಂದರೆ, ಪುಣೆಯ ನನ್ನ ಮರಾಠಿ ಗೆಳೆಯರಿಗೆ ಇದನ್ನು ಹೇಳಿಕೊಳ್ಳಲು ನನಗೆಷ್ಟು ಖುಷಿಯಾಗಿರಬೇಡ.

ಇದಕ್ಕೂ ಹಿಂದೆ ಸೆಂಟ್ರಲ್ ಕಾಲೇಜಿನಲ್ಲೇ ಎ.ಆರ್. ಕೃಷ್ಣಶಾಸ್ತ್ರಿಗಳು ಕರ್ಣಾಟಕ ಸಂಘ ಕಟ್ಟಿ 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ ಶುರು ಮಾಡಿದ್ದರು. ಒಂದು ಕಾಲೇಜಿನ ಸಂಘ ಹೊರಡಿಸಿದ ಪತ್ರಿಕೆ, ಇಡೀ ನಾಡಿನ ಪತ್ರಿಕೆಯಾಯಿತು. ಜಿ.ಪಿ. ರಾಜರತ್ನಂ ಅದೇ ಕಾಲೇಜಿನಲ್ಲಿ ಮೇಷ್ಟರಾಗಿದ್ದಾಗ ಹುಡುಗರ ಪದ್ಯಗಳನ್ನು ಬೆನ್ನು ಹತ್ತಿ ಅಚ್ಚು ಹಾಕಿಸುತ್ತಿದ್ದರು. ನೂರು ವರ್ಷದ ಹಿಂದೆಯೇ ಗೊತ್ತಿದ್ದ ವಿದ್ಯೆ ಇದು.

ಈಗ ನಮ್ಮ ಬ್ಯಾಚಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ಬೆಳ್ಳಿಹಬ್ಬದ ಚರ್ಚೆ ನಡೀತಿದೆ. ಕನಕಪುರ ರಸ್ತೆಯ ರೆಸಾರ್ಟು, ಒಂದೇ ಬಣ್ಣದ ಟೀ ಶರ್ಟು, ಸಂಜೆಗೆ ಡಿಜೆ. ತಲೆಗಿಷ್ಟು ಅಂತ ದುಡ್ಡು ಎತ್ತುತ್ತಿದ್ದಾರೆ. ನಾನು ಒಂದು ಸಲಹೆ ಹಾಕಿದೆ. ರೆಸಾರ್ಟು ಬೇಡ, ಆ ಶನಿವಾರ ಕಾಲೇಜಲ್ಲೇ ಸೇರೋಣ. ನಮ್ಮಲ್ಲಿ ಒಬ್ಬ ಕೋರ್ಟಿನಲ್ಲಿ ವಕೀಲ, ಒಬ್ಬಳು ಕೃಷಿ ವಿಶ್ವವಿದ್ಯಾಲಯದಲ್ಲಿ ರಾಗಿ ತಳಿಯ ಮೇಲೆ ಕೆಲಸ ಮಾಡುತ್ತಾಳೆ, ಒಬ್ಬನಿಗೆ ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪಿದೆ. ತಿಂಗಳಿಗೆ ಒಬ್ಬರಂತೆ ಒಂದು ಸಂಜೆ ಹೋಗಿ ಹುಡುಗರ ಜೊತೆ ಕೂರೋಣ. ಭಾಷಣ ಬೇಡ, ಶಾಲು ಬೇಡ. ವಕೀಲ ಬಾಡಿಗೆ ಕರಾರು ಓದೋದು ಹೇಗೆ ಅಂತ ಹೇಳಲಿ, ಪಿಜಿಯಲ್ಲಿರೋ ಹುಡುಗರಿಗೆ ಅದೇ ಬೇಕಾಗಿರೋದು. ಪೀಣ್ಯದವನು ಇಬ್ಬರನ್ನು ವರ್ಕ್‌ಶಾಪಿಗೆ ಕರೆದುಕೊಂಡು ಹೋಗಲಿ. ಗೇಟಿನವನು ಕೇಳಿದರೆ ಹೇಳಲು ನಮಗೂ ಒಂದು ಕೆಲಸ ಇರಲಿ.

ನಾಲ್ಕು ಹೆಬ್ಬೆರಳು ಬಂದವು. ರಾಗಿಯವಳು ‘ನಾನು ರೆಡಿ, ಪ್ರಿನ್ಸಿಪಾಲ್‌ಗೆ ಯಾರು ಮಾತಾಡ್ತೀರಾ?’ ಅಂತ ಬರೆದಳು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಗ್ರೂಪ್ ಅಡ್ಮಿನ್ ರಾತ್ರಿ ನನಗೆ ಬೇರೆಯಾಗಿ ಮೆಸೇಜ್ ಹಾಕಿದ: ‘ಗುರು, ಐಡಿಯಾ ಚೆನ್ನಾಗಿದೆ. ಆದ್ರೆ ರೆಸಾರ್ಟಿಗೆ ಅಡ್ವಾನ್ಸ್ ಕೊಟ್ಟಾಯ್ತು. ನಿನ್ನ ಟೀ ಶರ್ಟ್ ಸೈಜ್ ಹೇಳು.’

ಎಕ್ಸೆಲ್ ಅಂತ ಕಳಿಸಿದೆ. ಜೊತೆಗೆ ಪ್ರಿನ್ಸಿಪಾಲರ ಫೋನ್ ನಂಬರೂ ಕೇಳಿದ್ದೇನೆ.